ಕತ್ತೆಕಿವಿ ಅಬಲೋನಿ ಮರಿ ಮಾಡಿ ಬೆಳೆಸುವುದು: ಸಮಗ್ರ ಮಾರ್ಗದರ್ಶಿ

ಅಬಲೋನಿ ಹ್ಯಾಚರಿ ಹಾಕಲು ಹೊರಟವರು ಮೊದಲು ವಿಚಾರಿಸುವುದು ಎರಡು ಸಂಗತಿ: ಬ್ರೂಡರ್ (ಮರಿ ಪಡೆಯಲು ಸಾಕುವ ಬೆಳೆದ ಗಂಡು-ಹೆಣ್ಣು) ಎಲ್ಲಿ ಸಿಗುತ್ತದೆ, ಮೊಟ್ಟೆ ಇಡಿಸುವುದು ಹೇಗೆ. ಕತ್ತೆಕಿವಿ ಅಬಲೋನಿ, ಅಂದರೆ ಹಾಲಿಯೋಟಿಸ್ ಅಸಿನಿನಾ ಎಂಬ ಉಷ್ಣವಲಯದ ಕಡಲ ಚಿಪ್ಪುಜೀವಿಯಲ್ಲಿ ಇವೆರಡಕ್ಕೂ ಹೆಚ್ಚು ತಲೆಕೆಡಿಸಿಕೊಳ್ಳಬೇಕಿಲ್ಲ. ಮೊಟ್ಟೆ ತಾನಾಗಿಯೇ ಬರುತ್ತದೆ, ಅದೂ ಬೇಕಾದ್ದಕ್ಕಿಂತ ಹೆಚ್ಚೇ ಬರುತ್ತದೆ. ಸೋಲುವುದು ಮರಿ ನೆಲೆಯೂರಿದ ಮೇಲಿನ ಕೆಲವು ವಾರಗಳಲ್ಲಿ, ತಿನ್ನಲು ಸರಿಯಾದ ಡಯಾಟಮ್ (ಒಂಟಿಕೋಶದ ಸೂಕ್ಷ್ಮ ಪಾಚಿ) ಪದರ ಇಲ್ಲದಾಗ. ಹಾಗಾಗಿ ಯೋಜನೆಯನ್ನು ಆ ಪದರ ಹಿಡಿಯುವ ಶೀಟ್‌ಗಳಿಂದ ಶುರುಮಾಡಬೇಕು. ಕೆಳಗಿನ ಕ್ರಮ ಅದೇ ಲೆಕ್ಕದಲ್ಲಿದೆ.

ಪ್ರಾಣಿಯನ್ನು ತಿಳಿಯದೆ ಮುಟ್ಟಬೇಡಿ

1758ರಲ್ಲಿ ಲಿನೇಯಸ್ ಹೆಸರಿಟ್ಟ ಈ ಪ್ರಾಣಿ ಶಂಖ, ಬಸವನಹುಳುಗಳ ಬಳಗದ್ದು. ಒಂದೇ ಚಿಪ್ಪು. ಕರಾವಳಿಯವರಿಗೆ ಗೊತ್ತಿರುವ ಪಚ್ಚಿಲೆ, ಮರುವಾಯಿ ಎಂಬ ಎರಡು ಚಿಪ್ಪಿನ ಜೀವಿಗಳು ನೀರು ಸೋಸಿ ತಿನ್ನುತ್ತವೆ. ಇದು ಬಂಡೆಯ ಮೇಲೆ ತೆವಳಿಕೊಂಡು ಪಾಚಿ ಮೇಯುತ್ತದೆ. ಹವಳದ ದಿಬ್ಬಗಳ ಬಿರುಕು, ಸತ್ತ ಹವಳದ ಅಡಿ ಇದರ ಮನೆ. ಅಂಡಮಾನ್-ನಿಕೋಬಾರ್, ಥಾಯ್ಲೆಂಡ್, ಇಂಡೋನೇಷ್ಯಾ, ಫಿಲಿಪ್ಪೀನ್ಸ್, ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ಗಳಲ್ಲಿ ಸಿಗುತ್ತದೆ. ಕೃಷಿ ಕ್ರಮ ಗಟ್ಟಿಯಾಗಿ ರೂಪುಗೊಂಡದ್ದು ಫಿಲಿಪ್ಪೀನ್ಸ್‌ನ ಇಲೊಯ್ಲೊ ಪ್ರಾಂತದ ಟಿಗ್‌ಬಾವಾನ್‌ನಲ್ಲಿರುವ ಸೀಫ್‌ಡೆಕ್ (ಆಗ್ನೇಯ ಏಷ್ಯಾ ಮೀನುಗಾರಿಕೆ ಅಭಿವೃದ್ಧಿ ಕೇಂದ್ರ) ಸಂಸ್ಥೆಯಲ್ಲಿ. ಅಲ್ಲಿನ ವಿಸಾಯಾ ದ್ವೀಪಗಳ ಬೆಸ್ತರು ಇದನ್ನು ಲಪಾಸ್ ಎನ್ನುತ್ತಾರೆ.

ಚಿಪ್ಪು ಸಾಮಾನ್ಯವಾಗಿ 7ರಿಂದ 9 ಸೆಂ.ಮೀ., ಹೆಚ್ಚೆಂದರೆ 12. ಉದ್ದಕ್ಕೆ, ಕಿವಿಯ ಆಕಾರದಲ್ಲಿರುತ್ತದೆ. ಅಂಚಿನಲ್ಲಿ 5ರಿಂದ 7 ತೆರೆದ ರಂಧ್ರಗಳ ಸಾಲು. ಮೈ ಮಾತ್ರ ಚಿಪ್ಪಿಗಿಂತ ಎಷ್ಟೋ ದೊಡ್ಡದು. ಬೇರೆ ಅಬಲೋನಿಗಳ ಹಾಗೆ ಪೂರ್ತಿ ಒಳಗೆ ಎಳೆದುಕೊಳ್ಳಲು ಇದಕ್ಕೆ ಆಗದು. ಮಾಂಸದ ಪ್ರಮಾಣ ಹೆಚ್ಚು ಸಿಗುವುದು ಇದರಿಂದಲೇ, ಎತ್ತುವಾಗ ಗಾಯವಾಗುವುದೂ ಇದರಿಂದಲೇ. ಅಬಲೋನಿಯ ರಕ್ತ ನಮ್ಮದರ ಹಾಗೆ ಹೆಪ್ಪುಗಟ್ಟುವುದಿಲ್ಲ. ಪಾದದಲ್ಲಿ ಸಣ್ಣ ಸೀಳು ಬಿದ್ದರೂ ಪ್ರಾಣಿ ರಕ್ತ ಕಳೆದುಕೊಂಡು ಸಾಯಬಹುದು. ಕಾರಣ ತಿಳಿಯದವರು ಅದಕ್ಕೆ ರೋಗದ ಹೆಸರು ಕೊಡುತ್ತಾರೆ.

ತಲೆಯ ಕಡೆಯಿಂದ ಚಿಪ್ಪಿನಡಿಗೆ ಹೋದ ನೀರು ಕಿವಿರುಗಳನ್ನು ತೊಳೆದು ಆ ರಂಧ್ರಗಳಿಂದ ಹೊರಬರುತ್ತದೆ. ಮಲ, ಮೊಟ್ಟೆ, ವೀರ್ಯ ಹೊರಬೀಳುವುದೂ ಅಲ್ಲಿಂದಲೇ. ಹಗಲು ಅಡಗಿ ಕುಳಿತು ರಾತ್ರಿ ಮೇಯುವ ಪ್ರಾಣಿಯಾದ್ದರಿಂದ ಮೇವನ್ನು ಸಂಜೆ ಹಾಕಬೇಕು, ಅಡಗಲು ನೆರಳು ಕೊಡಬೇಕು.

1. ಮೊದಲು ಲೆಕ್ಕ

30 × 40 ಸೆಂ.ಮೀ. ಅಳತೆಯ ಒಂದು ಶೀಟಿನ ಎರಡೂ ಬದಿ ಸೇರಿದರೆ 2,400 ಚದರ ಸೆಂ.ಮೀ. ಅಂಥ 100 ಶೀಟ್ ಎಂದರೆ 2.4 ಲಕ್ಷ ಚದರ ಸೆಂ.ಮೀ. ಒಂದು ಚದರ ಸೆಂ.ಮೀ.ಗೆ ಅರ್ಧದಿಂದ ಒಂದು ಲಾರ್ವಾ (ಮೊಟ್ಟೆಯೊಡೆದು ಬಂದ ಈಜುವ ಎಳೆಮರಿ) ಬಿಟ್ಟರೆ ಸಾಕು, ಅಂದರೆ 1.2ರಿಂದ 2.4 ಲಕ್ಷ. ಅದರಲ್ಲಿ ನೂರಕ್ಕೆ ಮೂರು ಉಳಿದು ಒಂದು ಸೆಂ.ಮೀ. ಮುಟ್ಟಿದರೆ ಕೈಗೆ ಬರುವುದು 3,600ರಿಂದ 7,200 ಮರಿ. ಈ ಕಸುಬಿನಲ್ಲಿ ಮೂರು ಎಂಬುದು ಕೆಟ್ಟ ಫಲವೇನಲ್ಲ.

ಈಗ ಇನ್ನೊಂದು ತುದಿಯಿಂದ ನೋಡಿ. ಮಾಗಿದ ಹೆಣ್ಣು ಒಂದೊಂದು ಗ್ರಾಂ ಮೈತೂಕಕ್ಕೂ ಸಾವಿರಾರು ಮೊಟ್ಟೆ ಹೊತ್ತಿರುತ್ತದೆ. 60 ಗ್ರಾಂ ತೂಕದ ಒಂದೆರಡು ಹೆಣ್ಣುಗಳೇ ಈ ನೂರು ಶೀಟಿಗೆ ಬೇಕಾದಷ್ಟು ಲಾರ್ವಾ ಕೊಟ್ಟಾವು. ಐವತ್ತು ಬ್ರೂಡರ್ ಕೂಡಿಹಾಕಿ ಇಪ್ಪತ್ತು ಶೀಟ್ ಇಟ್ಟುಕೊಂಡವರು ದುಡ್ಡು ಹಾಕಬೇಕಾದ ಕಡೆ ಹಾಕಿಲ್ಲ ಎಂದೇ ಅರ್ಥ.

2. ನೀರು

ಉಪ್ಪಿನಂಶ ಲೀಟರಿಗೆ 30ರಿಂದ 35 ಗ್ರಾಂ, ಉಷ್ಣತೆ 26ರಿಂದ 30 ಡಿಗ್ರಿ ಸೆಲ್ಸಿಯಸ್. ನದಿಮುಖದ ಹತ್ತಿರದ ಜಾಗ ಬೇಡ. ಮಳೆಗಾಲದಲ್ಲಿ ಮೇಲಿನ ನೀರು ಸಪ್ಪೆಯಾದರೆ ಮೊದಲು ಹೋಗುವುದು ಚಿಕ್ಕ ಮರಿಗಳು. ನೀರು ಮರಳು ಸೋಸುಗೆ ದಾಟಿ ಬರಲಿ. ಲಾರ್ವಾ ಮತ್ತು ಶೀಟ್ ತೊಟ್ಟಿಗಳಿಗೆ ಹೋಗುವ ನೀರು 1 ಮೈಕ್ರಾನ್ (ಮಿ.ಮೀ.ನ ಸಾವಿರದ ಒಂದು ಭಾಗ) ಸೋಸುವ ಕಾರ್ಟ್ರಿಜ್ ದಾಟಿ, ಸಾಧ್ಯವಿದ್ದರೆ ಅತಿನೇರಳೆ ದೀಪವನ್ನೂ ಹಾಯ್ದು ಬರಬೇಕು. ಈ ಖರ್ಚು ರೋಗಾಣುಗಳಿಗಾಗಿ ಅಷ್ಟೇ ಅಲ್ಲ, ಕೋಪೆಪಾಡ್‌ಗಳಿಗಾಗಿ. ಕಣ್ಣಿಗೆ ಚುಕ್ಕೆಯಂತೆ ಕಾಣುವ ಆ ಜೀವಿಗಳ ಮೊಟ್ಟೆ ಒಳಗೆ ಬಂದರೆ ಎರಡೇ ವಾರದಲ್ಲಿ ಡಯಾಟಮ್ ಪದರ ಅವುಗಳ ಪಾಲು.

ತಾಮ್ರದ ಕೊಳವೆ, ಹಿತ್ತಾಳೆಯ ವಾಲ್ವ್ ಎಲ್ಲಿಯೂ ಇರಬಾರದು. ಕರಗಿದ ತಾಮ್ರ ಅತಿ ಕಡಿಮೆ ಪ್ರಮಾಣದಲ್ಲಿದ್ದರೂ ಲಾರ್ವಾಗಳನ್ನು ಕೊಲ್ಲುತ್ತದೆ.

3. ಡಯಾಟಮ್ ಶೀಟ್: ಎರಡು ವಾರ ಮೊದಲೇ

ಅಲೆಅಲೆಯಾದ ಪಾರದರ್ಶಕ ಪಿವಿಸಿ ಶೀಟ್ ತೆಗೆದುಕೊಂಡು, ಹೊಸದಾದರೆ ಒಂದು ವಾರ ನೀರಲ್ಲಿ ನೆನೆಸಿ ವಾಸನೆ ಹೋಗಿಸಿ. ಚೌಕಟ್ಟಿನಲ್ಲಿ 3-4 ಸೆಂ.ಮೀ. ಅಂತರಕ್ಕೆ ನೆಟ್ಟಗೆ ನಿಲ್ಲಿಸಿ. ನಾವಿಕ್ಯುಲಾ, ನಿಟ್ಸ್‌ಚಿಯಾ, ಆಂಫೋರಾ, ಕಾಕೋನೀಸ್ ಕುಲದ ಡಯಾಟಮ್‌ಗಳ ಕೃಷಿದ್ರವವನ್ನು ತೊಟ್ಟಿಗೆ ಸುರಿದು, ಮೊದಲ ದಿನ ಗಾಳಿಯನ್ನೂ ನಿಲ್ಲಿಸಿ ಬಿಡಿ. ಕೋಶಗಳು ಕೆಳಗೆ ಕೂತು ಅಂಟಲಿ. ಮಾರನೆಯ ದಿನ ಶೀಟ್‌ಗಳನ್ನು ತಿರುಗಿಸಿ ಇನ್ನೊಮ್ಮೆ ಸುರಿಯಿರಿ. ಪೋಷಕಕ್ಕೆ ನೈಟ್ರೇಟ್, ಫಾಸ್ಫೇಟ್, ಜೊತೆಗೆ ಸಿಲಿಕೇಟ್. ಡಯಾಟಮ್ ತನ್ನ ಗಾಜಿನ ಗೂಡು ಕಟ್ಟುವುದೇ ಸಿಲಿಕಾದಿಂದ. ಅದನ್ನು ಮರೆತರೆ ಹಸಿರು ಎಳೆಪಾಚಿ ಗೆಲ್ಲುತ್ತದೆ, ಎಳೆಪಾಚಿಯನ್ನು ಮರಿ ತಿನ್ನಲಾರದು.

ಹದ ಬಂದದ್ದು ತಿಳಿಯುವುದು ಬಣ್ಣದಿಂದ. ಶೀಟಿನ ಹಿಂದೆ ಕೈ ಹಿಡಿದರೆ ಬೆರಳು ಕಾಣಬೇಕು, ಶೀಟಿಗೆ ತೆಳು ಚಹಾದ ಬಣ್ಣವಿರಬೇಕು. ಕಡು ಕಂದು ಎಂದರೆ ಪದರ ದಪ್ಪವಾಗಿದೆ. ಬಿಸಿಲಿಗೆ ಅದರ ಅಡಿಯಲ್ಲಿ ಆಮ್ಲಜನಕದ ಗುಳ್ಳೆಗಳು ಹುಟ್ಟಿ ಪದರವನ್ನು ಹಾಳೆಹಾಳೆಯಾಗಿ ಎಬ್ಬಿಸುತ್ತವೆ, ಮೇಲೆ ಕೂತ ಮರಿಗಳೂ ಅದರ ಜೊತೆಗೇ ಹೋಗುತ್ತವೆ. ರಾತ್ರಿ ಅದೇ ಪದರ ಆಮ್ಲಜನಕ ಹೀರುತ್ತದೆ. ನೆರಳು ಬಲೆಯನ್ನು ಒಂದು ಪದರ ಹೆಚ್ಚಿಸುವುದೋ ಪೋಷಕ ನಿಲ್ಲಿಸುವುದೋ ಇದಕ್ಕೆ ಮದ್ದು. ಒರೆಸಿ ತೆಳುಮಾಡಲು ಹೋಗಬೇಡಿ.

ಈ ಕೆಲಸಕ್ಕೆ 10ರಿಂದ 14 ದಿನ ಬೇಕು. ತಡವಾದರೆ ಪದರ ಬೋಳು, ಬಹಳ ಬೇಗ ಹಾಕಿದರೆ ಕೋಪೆಪಾಡ್ ಹಬ್ಬ. ಯಾವ ದಿನದಿಂದ ಹಿಂದಕ್ಕೆ ಎಣಿಸಬೇಕು? ಮೊಟ್ಟೆ ಬೀಳುವುದು ಅಮಾವಾಸ್ಯೆ-ಹುಣ್ಣಿಮೆಗಳ ಆಸುಪಾಸಿನಲ್ಲಿ (5ನೆಯ ಭಾಗ ನೋಡಿ), ಹಾಗಾಗಿ ಅದಕ್ಕೆ ಗೋಡೆಯ ಮೇಲಿನ ಪಂಚಾಂಗದ ಕ್ಯಾಲೆಂಡರ್ ಸಾಕು.

4. ಬ್ರೂಡರ್‌ಗಳು

6ರಿಂದ 8 ಸೆಂ.ಮೀ. ಚಿಪ್ಪಿನವು ಒಳ್ಳೆಯವು. ಲಿಂಗ ತಿಳಿಯಲು ಪ್ರಾಣಿಯನ್ನು ಮಗುಚಿ, ಪಾದವನ್ನು ಹೆಬ್ಬೆರಳಿನಿಂದ ಮೆಲ್ಲಗೆ ಬದಿಗೆ ಸರಿಸಿ ಬಲಗಡೆಯ ಕೊಂಬಿನಾಕಾರದ ಜನನಗ್ರಂಥಿ ನೋಡಿ. ಗಂಡಿನದು ಹಾಲುಕೆನೆಯ ಬಣ್ಣ, ಹೆಣ್ಣಿನದು ಕಡುಹಸಿರು. ಗ್ರಂಥಿ ಉಬ್ಬಿ ಚಿಪ್ಪಿನ ಅಂಚು ದಾಟುವಂತಿದ್ದರೆ ಮಾಗಿದೆ; ಒಳಗಿನ ಜೀರ್ಣಗ್ರಂಥಿಯ ಕಂದು ಕಾಣುತ್ತಿದ್ದರೆ ಇನ್ನೂ ಕಾಯಬೇಕು.

ಎತ್ತುವ ರೀತಿ ಮುಖ್ಯ. ಮೊಂಡಾದ, ಚಪ್ಪಟೆಯಾದ ಪ್ಲಾಸ್ಟಿಕ್ ಪಟ್ಟಿಯನ್ನು ಪಾದದಡಿಗೆ ಒಂದೇ ಸಲಕ್ಕೆ ತೂರಿಸಿ ಎತ್ತಿ. ಮೊದಲು ಮುಟ್ಟಿ, ತಡೆದು, ಮತ್ತೆ ತೂರಿಸಲು ಹೋದರೆ ಅಷ್ಟರಲ್ಲಿ ಅದು ಬಂಡೆಗೆ ಬಿಗಿಯಾಗಿ ಕಚ್ಚಿಕೊಂಡಿರುತ್ತದೆ; ಆಮೇಲೆ ಬಲ ಹಾಕಿದರೆ ಗಾಯ ಖಂಡಿತ. ಆಗ ಸುಮ್ಮನೆ ಬಿಟ್ಟು ಹತ್ತು ನಿಮಿಷದ ನಂತರ ಬನ್ನಿ.

ಗಂಡು-ಹೆಣ್ಣುಗಳನ್ನು ಬೇರೆಬೇರೆ ತೊಟ್ಟಿಯಲ್ಲಿಡಿ. ಎರಡು-ಮೂರು ಹೆಣ್ಣಿಗೆ ಒಂದು ಗಂಡು ಸಾಕು. ಅಡಗಲು ಉದ್ದಕ್ಕೆ ಸೀಳಿದ ಪಿವಿಸಿ ಕೊಳವೆ ಬೋರಲು ಹಾಕಿ. ಮೇವು ಗ್ರಾಸಿಲೇರಿಯಾ ಜಾತಿಯ ಕೆಂಪು ಕಡಲಪಾಚಿ, ಹೊಟ್ಟೆತುಂಬ. ಬೆಳಿಗ್ಗೆ ತೊಟ್ಟಿಯಲ್ಲಿ ಸ್ವಲ್ಪ ಮಿಕ್ಕಿದ್ದರೆ ಹಾಕಿದ್ದು ಸಾಕಾಗಿದೆ, ಏನೂ ಮಿಗದಿದ್ದರೆ ಕಡಿಮೆಯಾಗಿದೆ.

5. ಮೊಟ್ಟೆ ಇಡುವ ರಾತ್ರಿ

ಗ್ರೇಟ್ ಬ್ಯಾರಿಯರ್ ರೀಫ್‌ನ ಹೆರಾನ್ ದ್ವೀಪದಲ್ಲಿ ಈ ಪ್ರಾಣಿಗಳು ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ, ಅಮಾವಾಸ್ಯೆ-ಹುಣ್ಣಿಮೆಗಳ ದೊಡ್ಡ ಉಬ್ಬರದ ಹೊತ್ತಿನಲ್ಲಿ, ಎರಡು ವಾರಕ್ಕೊಮ್ಮೆ ಒಟ್ಟಾಗಿ ಮೊಟ್ಟೆ-ವೀರ್ಯ ಬಿಡುತ್ತವೆ. ಸಂಜೆಯ ಉಬ್ಬರ ತುಂಬುವ ಸಮಯಕ್ಕೆ ಗಂಡುಗಳು ಮೊದಲು, ಸುಮಾರು ಅರ್ಧ ಗಂಟೆಯ ಮೇಲೆ ಹೆಣ್ಣುಗಳು. ಫಿಲಿಪ್ಪೀನ್ಸ್‌ನ ಹ್ಯಾಚರಿ ತೊಟ್ಟಿಗಳಲ್ಲಿ ಚೆನ್ನಾಗಿ ಮೇವು ತಿಂದವು ವರ್ಷವಿಡೀ ಸರಿಸುಮಾರು ಇದೇ ಎರಡು ವಾರದ ಲಯಕ್ಕೆ ತಾವಾಗಿ ಬಿಡುತ್ತವೆ. ಹಾಗಾಗಿ ಹೈಡ್ರೋಜನ್ ಪೆರಾಕ್ಸೈಡ್ ಹಾಕಿ ಬಲವಂತ ಮಾಡುವ ವಿಧಾನ ಇಲ್ಲಿ ಅಗತ್ಯವಿಲ್ಲ. ತೀರಾ ಬೇಕಾದರೆ ಪ್ರಾಣಿಗಳನ್ನು ಒಂದು ಗಂಟೆ ತೇವದ ಬಟ್ಟೆಯಡಿ ನೀರಿಲ್ಲದೆ ಇಟ್ಟು, ನಂತರ ಅತಿನೇರಳೆ ದೀಪ ಹಾಯ್ದ ನೀರಿಗೆ ಬಿಡಬಹುದು. ಮಾಗದ ಹೆಣ್ಣನ್ನು ಹೀಗೆ ಕೆಣಕಿದರೆ ಬರುವುದು ಗಟ್ಟಿಯಾಗಿ ಅಂಟಿಕೊಂಡ ಮೊಟ್ಟೆಯ ಮುದ್ದೆ. ಅದು ಕೆಲಸಕ್ಕೆ ಬಾರದು.

ಪಕ್ಷದ ಕೊನೆಯ ಎರಡು ದಿನದಿಂದ ಮುಂದಿನ ಎರಡು ದಿನದವರೆಗೆ ರಾತ್ರಿ ಕಾವಲಿರಲಿ. ಸಂಜೆಯೇ ತೊಟ್ಟಿ ತೊಳೆದು ಮಲ, ಪಾಚಿ ತೆಗೆದುಬಿಡಿ. ರಂಧ್ರಗಳಿಂದ ಬಿಳಿ ಹೊಗೆಯಂತೆ ಏಳುವುದು ವೀರ್ಯ. ಹಸಿರು ಕಾಳುಗಳಂತೆ ಬಿದ್ದು ತಳ ಸೇರುವುದು ಮೊಟ್ಟೆ.

ಮುಂದಿನದು ಗಡಿಯಾರದ ಕೆಲಸ. ತಳದ ಮೊಟ್ಟೆಗಳನ್ನು ಸೈಫನ್ ಕೊಳವೆಯಿಂದ 250 ಮೈಕ್ರಾನ್ ಜಾಲರಿಯ ಮೂಲಕ ಹಾಯಿಸಿ. ಕಸ ಮೇಲೆ ನಿಲ್ಲುತ್ತದೆ. 0.2 ಮಿ.ಮೀ.ಗಿಂತ ಸ್ವಲ್ಪ ಚಿಕ್ಕ ಮೊಟ್ಟೆಗಳು ಕೆಳಗಿನ 100 ಮೈಕ್ರಾನ್ ಜಾಲರಿಯಲ್ಲಿ ಉಳಿಯುತ್ತವೆ. ಜಾಲರಿ ಸದಾ ನೀರಲ್ಲೇ ಮುಳುಗಿರಲಿ. ಮೊಟ್ಟೆ ಬಿದ್ದು ಒಂದು ಗಂಟೆಯೊಳಗೆ ವೀರ್ಯ ಬೆರೆಸಬೇಕು. ಎಷ್ಟು? ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಒಂದು ಮೊಟ್ಟೆಯ ಅಂಚಿನ ಸುತ್ತ ಹತ್ತರೊಳಗೆ ವೀರ್ಯಾಣು ಕಂಡರೆ ಸಾಕು. ಹೆಚ್ಚಾದರೆ ಒಂದೇ ಮೊಟ್ಟೆಗೆ ಹಲವು ಹೊಕ್ಕು ವಿಭಜನೆ ಅಡ್ಡಾದಿಡ್ಡಿಯಾಗುತ್ತದೆ. ಗಂಡುಹೆಣ್ಣನ್ನು ಬೇರೆ ಇಡಿ ಎಂದದ್ದು ಇದಕ್ಕೇ. ಹತ್ತು-ಹದಿನೈದು ನಿಮಿಷ ಬಿಟ್ಟು, ಮೊಟ್ಟೆ ಕೂತ ಮೇಲೆ ಮೇಲಿನ ನೀರು ಚೆಲ್ಲಿ ಹೊಸ ನೀರು ಹಾಕಿ. ಹೀಗೆ ನಾಲ್ಕು ಸಲ. ಒಂದೆರಡು ಗಂಟೆಯಲ್ಲಿ ಎರಡು, ನಾಲ್ಕು ಕೋಶಗಳಾಗಿ ಒಡೆದದ್ದು ಕಾಣಬೇಕು. ಹತ್ತರಲ್ಲಿ ಎಂಟು ಮೊಟ್ಟೆಯಾದರೂ ಸಮನಾಗಿ ಒಡೆಯದಿದ್ದರೆ ಆ ತಂಡವನ್ನು ಬಿಟ್ಟುಬಿಡಿ. ಮುಂದಿನ ಪಕ್ಷ ಹೇಗೂ ಬರುತ್ತದೆ.

6. ಮೂರು ದಿನದ ಲಾರ್ವಾ

ಇದು ಸುಲಭದ ಭಾಗ. 27-28 ಡಿಗ್ರಿಯಲ್ಲಿ ಐದಾರು ಗಂಟೆಗೆ ಮೊಟ್ಟೆ ಒಡೆದು ಟ್ರೋಕೋಫೋರ್ ಎಂಬ ಮೊದಲ ಹಂತದ ಲಾರ್ವಾ ಮೇಲಕ್ಕೆ ಈಜುತ್ತದೆ. ಮೇಲಿನ ಮುಕ್ಕಾಲು ಭಾಗ ನೀರನ್ನು ಮಾತ್ರ ಹೊಸ ತೊಟ್ಟಿಗೆ ತೆಗೆದುಕೊಳ್ಳಿ. ತಳದಲ್ಲಿರುವುದು ಸತ್ತ ಮೊಟ್ಟೆ, ಕುಂಟು ಲಾರ್ವಾ, ನಾಳೆಯ ಬ್ಯಾಕ್ಟೀರಿಯಾ. ಅರ್ಧ ದಿನ ತುಂಬುವ ಹೊತ್ತಿಗೆ ಎಳೆ ಚಿಪ್ಪು ಹೊತ್ತ ವೆಲಿಜರ್ ಎಂಬ ಮುಂದಿನ ಹಂತದ ಲಾರ್ವಾ ಆಗಿರುತ್ತದೆ, ಮೈ ಚಿಪ್ಪಿನೊಳಗೆ ಅರ್ಧ ಸುತ್ತು ತಿರುಚಿಕೊಳ್ಳುತ್ತದೆ. ಮೇವು ಬೇಡ. ಮೊಟ್ಟೆಯ ಬಂಡಾರದ ಮೇಲೆಯೇ ಅದರ ಜೀವನ. ಮಿಲಿಲೀಟರಿಗೆ ಐದಕ್ಕಿಂತ ಹೆಚ್ಚು ಇಡದೆ, ದಿನಕ್ಕೊಮ್ಮೆ 80 ಮೈಕ್ರಾನ್ ಜಾಲರಿಯಲ್ಲಿ ಹಿಡಿದು ನೀರು ಬದಲಿಸಿ. ಗಾಳಿ ಬಿಡುವುದಾದರೆ ಗುಳ್ಳೆಯೊಂದೊಂದಾಗಿ ಏಳುವಷ್ಟು ಮಾತ್ರ.

ಮೂರನೆಯ ದಿನದಿಂದ ಗಮನಿಸಿ. ಈಜುತ್ತಿದ್ದದ್ದು ತಳಕ್ಕಿಳಿದು, ಪಾದ ಚಾಚಿ, ಮುಟ್ಟಿ ನೋಡಿ, ಮತ್ತೆ ಏಳುತ್ತಿದ್ದರೆ ಜಾಗ ಹುಡುಕುತ್ತಿದೆ ಎಂದರ್ಥ. ಎರಡು ಕಪ್ಪು ಕಣ್ಣುಚುಕ್ಕೆಗಳೂ ತಲೆಯ ಮೀಸೆಗಳೂ ಸ್ಪಷ್ಟವಾಗಿರುತ್ತವೆ. ಆಗಲೇ ಶೀಟ್ ತೊಟ್ಟಿಗೆ ಬಿಡಬೇಕು.

7. ನೆಲೆಯೂರಿಸುವುದು

ತೊಟ್ಟಿಯ ನೀರು ಸಮನಾಗಿ ಕಲಕಿ, ಐದು ಕಡೆಯಿಂದ ಒಂದೊಂದು ಮಿಲಿಲೀಟರ್ ತೆಗೆದು ಎಣಿಸಿ, ಸರಾಸರಿಯನ್ನು ಒಟ್ಟು ನೀರಿನಿಂದ ಗುಣಿಸಿ. ಕಣ್ಣಂದಾಜಿಗೆ ಬಿಟ್ಟರೆ ದುಪ್ಪಟ್ಟು ಬೀಳುತ್ತದೆ, ದುಪ್ಪಟ್ಟು ಬಿದ್ದರೆ ಎಲ್ಲವೂ ಹಸಿದು ಸಾಯುತ್ತವೆ. ಲಾರ್ವಾ ಬಿಟ್ಟ ಮೇಲೆ ಒಂದೆರಡು ದಿನ ನೀರಿನ ಹರಿವು ನಿಲ್ಲಿಸಿ, ಗಾಳಿ ಮಂದವಾಗಿರಲಿ, ಬೆಳಕು ಕಡಿಮೆಯಿರಲಿ. ನಂತರ ಹೊರಹರಿವಿಗೆ 150 ಮೈಕ್ರಾನ್ ಜಾಲರಿ ಕಟ್ಟಿ ನಿಧಾನ ಹರಿವು.

ಕಡಲಲ್ಲಿ ಇವಕ್ಕೆ ಇಳಿಯುವ ಸೂಚನೆ ಸಿಗುವುದು ಬಂಡೆಗೆ ಸುಣ್ಣದ ಪೊರೆಯಂತೆ ಅಂಟಿದ ಗುಲಾಬಿ ಪಾಚಿಯಿಂದ. ಹ್ಯಾಚರಿಯಲ್ಲಿ ಅದಕ್ಕೆ ಬದಲಾಗಿ, ಹಿಂದಿನ ತಂಡದ ಮರಿಗಳು ಒಂದೆರಡು ದಿನ ಮೇಯ್ದು ಲೋಳೆಯ ಜಾಡು ಬಿಟ್ಟ ಶೀಟ್‌ಗಳನ್ನು ನಡುನಡುವೆ ಸೇರಿಸಿದರೆ ಚೆನ್ನಾಗಿ ಕೂರುತ್ತವೆ. ಗಾಬಾ ಎಂಬ ಅಮೈನೋ ಆಮ್ಲವನ್ನೂ ಕೆಲವು ಕಡೆ ಬಳಸುತ್ತಾರೆ. 1000 ಲೀಟರಿಗೆ ಸುಮಾರು 0.1 ಗ್ರಾಂ. ಬ್ಯಾಕ್ಟೀರಿಯಾ ಅದನ್ನು ಬೇಗ ತಿಂದುಹಾಕುವುದರಿಂದ ಕೊಳಕು ತೊಟ್ಟಿಯಲ್ಲಿ ಹಾಕಿ ಪ್ರಯೋಜನವಿಲ್ಲ. ಒಳ್ಳೆಯ ಶೀಟ್ ಇದ್ದವರಿಗೆ ಅದರ ಹಂಗೂ ಬೇಡ.

8. ಶೀಟಿನ ಮೇಲಿನ ಎರಡು ತಿಂಗಳು

ಹೆಚ್ಚಿನ ಸಾವು ಇಲ್ಲಿಯೇ. ನೆಲೆಯೂರಿದ ಮರಿ ಮರಳಿನ ಕಣಕ್ಕಿಂತ ಚಿಕ್ಕದು. ರಾಡ್ಯುಲಾ ಎಂಬ ಅದರ ಹಲ್ಲುಪಟ್ಟಿಗೆ ಡಯಾಟಮ್‌ನ ಗಾಜಿನ ಗೂಡು ಒಡೆಯುವ ಶಕ್ತಿ ಇನ್ನೂ ಬಂದಿರುವುದಿಲ್ಲ; ಮೊದಲ ದಿನಗಳಲ್ಲಿ ಕೋಶಗಳ ಮೇಲಿನ ಲೋಳೆ, ಬ್ಯಾಕ್ಟೀರಿಯಾಗಳೇ ಆಹಾರ. ಬೆಳೆದಂತೆ, ಕಾಕೋನೀಸ್‌ನಂತೆ ಗಟ್ಟಿಯಾಗಿ ಅಂಟಿದ ಕೋಶಗಳನ್ನು ಕೆರೆದು ಒಡೆದು ತಿನ್ನಲು ಕಲಿಯುತ್ತದೆ. ಹೀಗಾಗಿ ಮೊದಲಿಗೆ ಚಿಕ್ಕ, ಸಡಿಲ ಡಯಾಟಮ್ ಹೆಚ್ಚಿರಬೇಕು, ಒಂದು ಮಿ.ಮೀ. ಹತ್ತಿರವಾದಾಗ ಗಟ್ಟಿ ಜಾತಿ ಇರಬೇಕು. ಒಂದೇ ಜಾತಿಯನ್ನು ಶುದ್ಧವಾಗಿ ಬೆಳೆಸಿ ಹೆಮ್ಮೆಪಡುವ ಹ್ಯಾಚರಿಗಳು ಕೆಲವೊಮ್ಮೆ ಎರಡನೆಯ ವಾರದಲ್ಲಿ ಮುಗ್ಗರಿಸುವುದು ಇದರಿಂದ.

ದಿನವೂ ಒಂದು ಶೀಟ್ ಎತ್ತಿ ಬೆಳಕಿಗೆ ಹಿಡಿದು ನೋಡಿ. ಕಂದು ಪದರದಲ್ಲಿ ಸೊಟ್ಟಸೊಟ್ಟ ಬಿಳಿ ಜಾಡುಗಳು ಕಂಡರೆ ಮೇಯುತ್ತಿವೆ. ಜಾಡುಗಳು ಸೇರಿ ಶೀಟ್ ಬೋಳಾಗುತ್ತಿದ್ದರೆ ಆ ದಿನವೇ ಹೊಸ ಶೀಟ್ ಪಕ್ಕಕ್ಕೆ ತಾಗಿಸಿ ಇಡಿ. ರಾತ್ರಿ ಮರಿಗಳೇ ದಾಟಿಕೊಳ್ಳುತ್ತವೆ. ಇದಕ್ಕಾಗಿ ಒಟ್ಟು ಶೀಟ್‌ಗಳಲ್ಲಿ ಮೂರನೆಯ ಒಂದು ಭಾಗ ಯಾವಾಗಲೂ ಬೇರೆ ತೊಟ್ಟಿಯಲ್ಲಿ ಸಿದ್ಧವಿರಬೇಕು. ಜಾಡುಗಳೇ ಇಲ್ಲದೆ ಪದರ ಮಾತ್ರ ದಪ್ಪವಾಗುತ್ತಾ ಹೋದರೆ ಮರಿಗಳು ಉಳಿದಿಲ್ಲ. ತೊಟ್ಟಿ ಖಾಲಿ ಮಾಡಿ, ಒಣಗಿಸಿ, ಮತ್ತೆ ಶುರುಮಾಡುವುದು ಲೇಸು.

ಎರಡು ಮಿ.ಮೀ. ಆಸುಪಾಸಿಗೆ ಚಿಪ್ಪಿನಲ್ಲಿ ಮೊದಲ ರಂಧ್ರ ಮೂಡುತ್ತದೆ. ಅಲ್ಲಿಗೆ ಮುಟ್ಟಿದ ಮರಿಗಳು ಬಹುಮಟ್ಟಿಗೆ ಉಳಿಯುತ್ತವೆ.

9. ಕಡಲಪಾಚಿಗೆ ಬದಲಿಸುವುದು

5ರಿಂದ 10 ಮಿ.ಮೀ. ಆದಾಗ ಮೆತ್ತನೆಯ ಬ್ರಷ್‌ನಿಂದ, ಒದ್ದೆ ಶೀಟಿನಲ್ಲೇ, ಅಂಚಿನಿಂದ ತಳ್ಳಿ ಬಿಡಿಸಿ. ಉಗುರು ಹಾಕಬೇಡಿ. ಸಣ್ಣ ಕಣ್ಣಿನ ಬುಟ್ಟಿಗಳಿಗೆ ಹಾಕಿ, ಗ್ರಾಸಿಲೇರಿಯಾದ ಎಳೆ ತುದಿಗಳನ್ನು ಕೊಡಿ. ಮೊದಲ ವಾರ ಡಯಾಟಮ್ ಹಿಡಿದ ಶೀಟಿನ ತುಂಡೂ ಬುಟ್ಟಿಯಲ್ಲಿರಲಿ, ಒಂದೇ ದಿನಕ್ಕೆ ಮೇವು ಬದಲಾದರೆ ಕೆಲವು ತಿನ್ನುವುದೇ ಇಲ್ಲ. ಗಾತ್ರಕ್ಕೆ ತಕ್ಕಂತೆ ಬೇರ್ಪಡಿಸುವ ಕೆಲಸವನ್ನೂ ಇಲ್ಲಿಯೇ ಮಾಡಿಬಿಡಿ.

10. ಪಂಜರ

ಒಂದೂವರೆ-ಎರಡು ಸೆಂ.ಮೀ. ಮರಿಗಳನ್ನು ಕಡಲಿನ ಪಂಜರಕ್ಕೆ ಇಳಿಸಬಹುದು. ಪ್ಲಾಸ್ಟಿಕ್ ತಟ್ಟೆಗಳನ್ನು ಪದರಪದರವಾಗಿ ಜೋಡಿಸಿ ಬಲೆ ಸುತ್ತಿದ್ದಾದರೂ ಸರಿ. ಒಳಗೆ ಸೀಳಿದ ಕೊಳವೆ. ಪಂಜರದ ಘನ ಅಳತೆ ನೋಡಿ ಮರಿ ತುಂಬುವುದು ತಪ್ಪು ಲೆಕ್ಕ: ಇವು ಈಜುವುದಿಲ್ಲ, ಅಂಟಿಕೊಳ್ಳುವ ಮೇಲ್ಮೈ ಎಷ್ಟಿದೆ ಎಂಬುದೇ ಮುಖ್ಯ. ಚಿಪ್ಪುಗಳು ಒಂದರ ಮೇಲೊಂದು ಏರಿ ಕೂತಿದ್ದರೆ ಪಂಜರ ಒಡೆದು ಎರಡು ಮಾಡಿ.

ಒಂದು ಕಿಲೋ ಜೀವಂತ ಅಬಲೋನಿಗೆ 12ರಿಂದ 15 ಕಿಲೋ ಹಸಿ ಕಡಲಪಾಚಿ ಬೇಕಾಗುತ್ತದೆ. 60 ಗ್ರಾಂನ ಸಾವಿರ ಪ್ರಾಣಿ ಎಂದರೆ 60 ಕಿಲೋ. ಮೇವು 720ರಿಂದ 900 ಕಿಲೋ. ಗ್ರಾಸಿಲೇರಿಯಾ ಪಂಜರದಲ್ಲೂ ಜೀವಂತವಾಗಿಯೇ ಇರುವುದರಿಂದ ವಾರಕ್ಕೊಮ್ಮೆ ತುಂಬಿದರೂ ನಡೆಯುತ್ತದೆ. ಪಾಚಿ ಬಿಳಿಚಿಕೊಂಡು ಲೋಳೆಯಾಗಿದ್ದರೆ ತಕ್ಷಣ ತೆಗೆಯಿರಿ. ಬಲೆಯ ಕಣ್ಣು ಕಟ್ಟಿದರೆ ನೀರಾಡದೆ ಉಸಿರುಗಟ್ಟುತ್ತವೆ. ಮೇವು ಹಾಕುವ ದಿನವೇ ಉಜ್ಜಿ. ಒಳಗೆ ಸೇರಿದ ಏಡಿಮರಿಗಳನ್ನು ಅಂದೇ ಹೆಕ್ಕಿ, ಅವೂ ಅಲ್ಲಿಯೇ ಬೆಳೆದು ದೊಡ್ಡವಾಗುತ್ತವೆ. ನೋಡಿಕೊಂಡರೆ ಸುಮಾರು ಒಂದು ವರ್ಷದಲ್ಲಿ 6 ಸೆಂ.ಮೀ. ಮುಟ್ಟುತ್ತವೆ. ಅಬಲೋನಿಗಳಲ್ಲಿ ಇದು ಬಹಳ ವೇಗದ ಬೆಳವಣಿಗೆ.

ಬೇರೆ ದೇಶದ ಪ್ರಾಣಿಗಳನ್ನು ತಂದು ನಮ್ಮ ಕಡಲಿಗೆ ಇಳಿಸುವ ಯೋಚನೆಯಿದ್ದರೆ ಕ್ಯಾಲಿಫೋರ್ನಿಯಾವನ್ನು ನೆನೆಯಿರಿ. ದಕ್ಷಿಣ ಆಫ್ರಿಕದಿಂದ ತಂದ ಅಬಲೋನಿಯ ಚಿಪ್ಪಿನಲ್ಲಿ ಬಂದ ಒಂದು ಸಬೆಲ್ಲಿಡ್ ಹುಳು ಅಲ್ಲಿನ ಫಾರಂಗಳ ಚಿಪ್ಪುಗಳನ್ನೆಲ್ಲ ವಿಕಾರ ಮಾಡಿ ಬೆಳವಣಿಗೆಯನ್ನೇ ನಿಲ್ಲಿಸಿತು. ಭಾರತದಲ್ಲಿ ಮನ್ನಾರ್ ಕೊಲ್ಲಿಯಲ್ಲಿ ಹಾಲಿಯೋಟಿಸ್ ವೇರಿಯಾ ಎಂಬ ಚಿಕ್ಕ ಜಾತಿಯಿದೆ, ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ತೂತುಕುಡಿ ಕೇಂದ್ರದಲ್ಲಿ ಅದರ ಮರಿ ಉತ್ಪಾದನೆಯ ಕೆಲಸ ನಡೆದಿದೆ. ಕಲಿಯುವವರು ಅಲ್ಲಿಂದ ಶುರುಮಾಡಬಹುದು. ಮೇಲಿನ ಕ್ರಮದಲ್ಲಿ ಬಹುಪಾಲು ಅದಕ್ಕೂ ಹೊಂದುತ್ತದೆ.

ರೀಫ್‌ಗೆ ಮರಳಿ ಬಿಡುವುದಾದರೆ

ಮಾರಾಟಕ್ಕಲ್ಲದೆ, ಬರಿದಾದ ದಿಬ್ಬ ತುಂಬಿಸಲೂ ಈ ಮರಿಗಳನ್ನು ಬೆಳೆಸುತ್ತಾರೆ. ಫಿಲಿಪ್ಪೀನ್ಸ್‌ನ ಸಗಾಯ್ ಕಡಲ ಮೀಸಲಿನ ಕಾರ್ಬಿನ್ ರೀಫ್‌ನಲ್ಲಿ ಸೀಫ್‌ಡೆಕ್ ಹೀಗೆ ಮಾಡಿದೆ. ಯಾವುದು ಹ್ಯಾಚರಿಯದು, ಯಾವುದು ಕಡಲಿನದು ಎಂದು ಆಮೇಲೆ ಗುರುತಿಸಲು ಚೀಟಿ ಅಂಟಿಸಬೇಕಿಲ್ಲ. ಕೆಂಪು ಪಾಚಿ ತಿಂದಾಗ ಚಿಪ್ಪಿನ ಹೊಸ ಅಂಚು ಕಂದಾಗಿ ಬೆಳೆಯುತ್ತದೆ, ಕೃತಕ ಮೇವು ತಿಂದಾಗ ನೀಲಿಹಸಿರಾಗಿ. ಬಿಡುವ ಮೊದಲು ಕೆಲವು ವಾರ ಕೃತಕ ಮೇವು ಕೊಟ್ಟರೆ ಆ ಪಟ್ಟೆ ಚಿಪ್ಪಿನಲ್ಲಿ ಉಳಿದುಬಿಡುತ್ತದೆ. ಅರ್ಧ ಸೆಂ.ಮೀ. ಅಗಲದ ಪಟ್ಟೆಯಾದರೆ ನೀರಿನಡಿಯಲ್ಲೂ ಕಾಣುತ್ತದೆ.

ಬಿಡುವ ಮರಿ 3 ಸೆಂ.ಮೀ. ದಾಟಿರಲಿ. ಹಿಂದಿನ ದಿನ ಮೇವು ನಿಲ್ಲಿಸಿ, ಕೊಳವೆಗೆ ಅಂಟಿಕೊಂಡ ಹಾಗೆಯೇ ಒದ್ದೆ ಪಾಚಿ ಮುಚ್ಚಿ, ನೆರಳಿನಲ್ಲಿ ಸಾಗಿಸಿ. ಸಿಹಿನೀರು ಒಂದು ಹನಿಯೂ ತಾಗಬಾರದು. ಸ್ಥಳ ಮುಟ್ಟಿದ ಮೇಲೆ ದೋಣಿಯಿಂದ ಸುರಿದರೆ ಮಗುಚಿ ಬಿದ್ದವನ್ನು ಮೀನುಗಳು ಅಲ್ಲೇ ಮುಗಿಸುತ್ತವೆ. ಮುಳುಗಿ, ಆ ಕೊಳವೆಗಳನ್ನೇ ಸತ್ತ ಹವಳದ ಸಂದುಗಳಲ್ಲಿ ಬಾಯಿ ಒಳಮುಖವಾಗಿ ಸಿಕ್ಕಿಸಿಟ್ಟು ಬನ್ನಿ. ಕತ್ತಲಾದ ಮೇಲೆ ತಾವಾಗಿ ಇಳಿದು ಬಿರುಕು ಸೇರುತ್ತವೆ. ಖಾಲಿ ಕೊಳವೆಗಳನ್ನು ಎರಡು ದಿನದ ನಂತರ ಎತ್ತಿಕೊಂಡು ಬಂದರಾಯಿತು.